ಗುರುವಾರದ ಪಾಲುದಾರ

ಮಕ್ತುಮ್ ಸಾಬರು ಬಸ್ಸಿನಿಂದ ಇಳಿದದ್ದನ್ನು ಕಿಟಕಿಯಲ್ಲಿ ಕಂಡವನೇ ವಾಮದೇವಪ್ಪ ಬಾಗಿಲು ಹಾಕಲು ಓಡಿದ. ತಡವಾಗಿತ್ತು. ಸಾಬರು ಆಗಲೇ ಮೆಟ್ಟಿಲ ಮೇಲಿದ್ದರು.

"ಬಂತೇನ್ರಿ ರಾಯಲ್ಟಿ?"

"ಇಲ್ರಿ ಸಾಬ್ರೆ. ಇನ್ನೂ ಸ್ವಲ್ಪ ದಿನ ಆಗತ್ತಂತೆ."

"ಆಗ್ಲಿ, ಆಗ್ಲಿ." ಸಾಬರು ಕುರ್ಚಿ ಎಳೆದು ಕೂತರು. ಕೂತರೆಂದರೆ ಕೂತರೇ, ಸಂಜೆಯ ಬಸ್ಸಿನವರೆಗೆ ಏಳುವ ಆಸಾಮಿಯಲ್ಲ.

ಪಂಪ್‌ಸೆಟ್ ಮೋಟಾರು ಸುಡದಂತೆ ಕಾಯುವ ಚಿಪ್ ಒಂದರ ನಕ್ಷೆಯನ್ನು ವಾಮದೇವಪ್ಪ ಹರಿಹರದ ಈ ಬಾಡಿಗೆ ಕೋಣೆಯಲ್ಲೇ ತಯಾರಿಸಿದ್ದ. ಬೆಂಗಳೂರಿನ ಕಾರ್ಖಾನೆಯೊಂದು ಅದನ್ನು ಮಾಡಿ ಮಾರಬೇಕು, ಮಾರಿದ ಒಂದೊಂದಕ್ಕೂ ಇವನ ಕಂಪನಿಗೆ ರಾಯಲ್ಟಿ ಕೊಡಬೇಕು ಎಂದು ೧೯೮೪ರಲ್ಲಿ ಒಪ್ಪಂದವಾಯಿತು. ಅದನ್ನು ನಂಬಿ ದಾವಣಗೆರೆಯ ನಾಲ್ಕಾರು ಜನ ಹಣ ಹಾಕಿದರು. ಕಾರ್ಖಾನೆ ಇವತ್ತು ನಾಳೆ ಎನ್ನುತ್ತಲೇ ಮೂರು ವರ್ಷ ತಳ್ಳಿತು. ಪಾಲುದಾರರು ಬೈದು, ಹಾಕಿದ್ದನ್ನು ವಾಪಸು ಕಿತ್ತುಕೊಂಡು ಹೋದರು. ಹೆಂಡತಿಯೂ ತವರಿಗೆ ಹೋದಳು. ಉಳಿದವರು ಸಾಬರೊಬ್ಬರೇ. ಅವರಿಗಾದರೂ ಮೋಸವಾಗಬಾರದು ಎಂಬುದೊಂದೇ ವಾಮದೇವಪ್ಪನ ಹಟ.

ಸಾಬರು ದಾವಣಗೆರೆಯ ವಿನೋಬನಗರದಲ್ಲಿ ಗಾದಿ ಹೊಲಿಯುತ್ತಿದ್ದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಬಿಲ್ಕೀಸಳ ಮದುವೆ ಮುಗಿದದ್ದೇ ತಡ, ಪ್ರತಿ ಗುರುವಾರದ ಈ ವಿಚಾರಣೆ ಶುರುವಾಯಿತು. ಮದುವೆಯ ಸಾಲ ತಲೆ ತಿನ್ನುತ್ತಿರಬೇಕು ಎಂದುಕೊಂಡ ವಾಮದೇವಪ್ಪ. ಬರುವಾಗ ಸಾಬರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದರು. ತಿನ್ನಿಸಿ ವಸೂಲಿ ಮಾಡುವ ಈ ಪರಿ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ತಡೆಯಲಾರದೆ ಅವನು ಸ್ಕೂಟರ್ ಮಾರಿದ. ಮುಂದಿನ ಗುರುವಾರ ಆ ಹಣವನ್ನು ಸಾಬರ ಮುಂದಿಟ್ಟ.

"ನೀವು ಹಾಕಿದ್ದು ತಗಳ್ರಿ. ನನ್ನ ಬಿಟ್ಟುಬಿಡ್ರಿ."

ಸಾಬರು ಹಾವು ಕಂಡವರಂತೆ ಹಿಂದೆ ಸರಿದರು. "ಬ್ಯಾಡ, ಬ್ಯಾಡ! ನಾನೇನು ವಾಪಸ್ ಕೇಳಿದ್ನಾ? ಬಂತಾ ಅಂತ ಕೇಳ್ದೆ ಅಷ್ಟೆ."

ಮುದುಕನಿಗೆ ದೊಡ್ಡ ಗಂಟಿನ ಮೇಲೇ ಕಣ್ಣು ಎಂದು ವಾಮದೇವಪ್ಪನಿಗೆ ಮೈಯೆಲ್ಲ ಉರಿಯಿತು.

ಆಮೇಲೊಂದು ಸೋಮವಾರ ರಾಯಲ್ಟಿ ಬಂದೇಬಿಟ್ಟಿತು. ಗುರುವಾರದವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಬ್ಯಾಂಕಿನಿಂದ ಸಾಬರ ಪಾಲಿನ ಹಣ ತೆಗೆಸಿಕೊಂಡು ಅವನು ದಾವಣಗೆರೆ ಬಸ್ಸು ಹತ್ತಿದ. ಇನ್ನು ಯಾರಿಗೂ ಹೆದರಬೇಕಿಲ್ಲ. ಇನ್ನು ಯಾರೂ ಬರುವುದೂ ಇಲ್ಲ ಎನ್ನಿಸಿದಾಗ ಮಾತ್ರ ಯಾಕೋ ಬೇಜಾರಾಯಿತು.

ವಿನೋಬನಗರದ ಆ ಮನೆಯಲ್ಲಿ ಎರಡನೆಯ ಲೋಟ ಹುಡುಕಲು ಸಾಬರಿಗೆ ಬಹಳ ಹೊತ್ತು ಹಿಡಿಯಿತು.

"ಬಂತು ಸಾಬ್ರೆ! ರಾಯಲ್ಟಿ ಬಂತು!"

ಸಾಬರ ಮುಖ ಇಳಿದುಹೋಯಿತು. "ಹಂಗಾರೆ ಇನ್ನು ಕೇಳಾಕೆ ಏನೂ ಉಳೀಲಿಲ್ಲ ಅನ್ರಿ."

"ಯಾಕ್ ಕೇಳ್ಬೇಕ್ರಿ? ಎಣಿಸ್ಕಳ್ರಿ, ನಿಮ್ಮ ಪಾಲು."

ಸಾಬರು ಹಣ ಮುಟ್ಟಲಿಲ್ಲ. ಚಹಾದ ಲೋಟವನ್ನು ಅವನ ಕಡೆ ಸರಿಸಿ, ತಲೆ ತಗ್ಗಿಸಿ ಕೂತರು.

"ಇದನ್ನ ನಿಟ್ಟುವಳ್ಳಿ ಮಲ್ಲೇಶಪ್ಪನೋರಿಗೆ ಕೊಡ್ರಿ. ಬಿಲ್ಕೀಸ್ ಮದ್ವೆ ಖರ್ಚಿಗೆ ನನ್ನ ಪಾಲು ಆವಾಗ್ಲೇ ಅವರಿಗೆ ಮಾರಿಬಿಟ್ಟೀನಿ."