ಅತ್ತಿಗೆಯ ಸರದಿ

ವನಜಾಕ್ಷಿಗೆ ಸಮುದ್ರಕ್ಕೆ ಇಳಿಯುವ ಸರದಿ ಎಂದೂ ಸಿಕ್ಕಿರಲಿಲ್ಲ. ಇದು ಮೂರನೆಯ ಪ್ರವಾಸ. ತನ್ನದೂ ಸೇರಿ ಮನೆಯವರ ಆರು ಫೋನು, ನಾಲ್ಕು ಸರಗಳನ್ನು ಟವೆಲಿನಲ್ಲಿ ಗಂಟು ಕಟ್ಟಿ, ಬೆಳಗಿನಿಂದ ಮರಳಿನಲ್ಲಿ ಕಾಯುತ್ತ ಕೂತು ಅವಳ ಸೊಂಟ ಸೋತಿತ್ತು.

“ಅತ್ತಿಗೆ ಇದ್ರೆ ಲಾಕರ್ ಇದ್ದಂಗೆ,” ಎಂದು ನಾದಿನಿ ತಲೆ ಒರೆಸಿಕೊಳ್ಳುತ್ತ ನಕ್ಕಳು.

“ನಾನೂ ಒಂದ್ಸಲ ಕಾಲು ನೆನೆಸಿ ಬರ್ಲಾ?”

“ಹೊತ್ತಾಯ್ತು ಕಣೆ, ಡ್ರೈವರ್ ಗೊಣಗ್ತಾನೆ,” ಎಂದ ಗಂಡ, ಟೆಂಪೋದತ್ತ ಹೊರಟ.

ವನಜಾಕ್ಷಿ ಗಂಟನ್ನು ನಾದಿನಿಯ ಮಡಿಲಿಗೆ ಹಾಕಿ, ನೀರಿನತ್ತ ನಡೆದಳು.

ಟೆಂಪೋ ಹತ್ತು ಮೈಲಿ ದಾಟಿದ ಮೇಲೆ ನಾದಿನಿ ಗಂಟು ಬಿಚ್ಚಿ ಎಣಿಸಿದಳು. “ಆರು ಫೋನು, ನಾಲ್ಕು ಸರ. ಏನೂ ಕಳೆದಿಲ್ಲ.”

“ನೀರು ಕೊಡೇ,” ಎಂದು ಗಂಡ ಹಿಂದಿನ ಸೀಟಿನತ್ತ ಕೈ ಚಾಚಿದ. ಯಾರೂ ಕೊಡಲಿಲ್ಲ. ತನ್ನ ಫೋನು ಇಸಿದುಕೊಂಡು ಹೆಂಡತಿಗೆ ಕರೆ ಮಾಡಿದ. ನಾದಿನಿಯ ಮಡಿಲಿನಲ್ಲೇ ರಿಂಗಾಯಿತು.

ಎಣಿಕೆಯಲ್ಲಿ ಒಬ್ಬಳು ಕಡಿಮೆಯಿದ್ದಳು.