ಬಿಳುಚಿದ ಮರದ ಮೀನುಗಳು

ಅಜ್ಜಿ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದದ್ದೇ ತಡ, ಅಳಿಯ ಕೆಲಸದ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಸ್ಪಿರಿಟ್ಟು, ಅತ್ತೆ. ಅರಗು ಕರಗಿಸೋಕೆ" ಎಂದ. ಕೇಳುವ ಮೊದಲೇ ಬಂದ ಉತ್ತರ.

"ಗೊತ್ತು" ಎಂದಳು ಅಜ್ಜಿ. ಗೊತ್ತಿಲ್ಲದೆ ಏನು? ಮದುವೆಗೆ ಮುಂಚೆ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಅಂಗಡಿಯಲ್ಲಿ ದುಡಿದ ಕೈ ಅದು. ಆ ವಾಸನೆ ಬಟ್ಟೆಯಿಂದ ಹೋಗುತ್ತಿರಲಿಲ್ಲ.

ಅವಳು ಮೊಮ್ಮಗಳನ್ನು ಬಿಟ್ಟುಹೋಗಲು ಬಂದಿದ್ದಳು. ಬಿಟ್ಟುಹೋಗಬಹುದೇ ಎಂದು ನೋಡಲು ಬಂದಿದ್ದಳು ಎಂದರೆ ಇನ್ನೂ ಸರಿ. ಕುಡಿತ ಈ ಮನೆಯನ್ನು ಮೂರಾಬಟ್ಟೆ ಮಾಡಿತ್ತು. ಆಸ್ಪತ್ರೆಯಿಂದ ಮನೆಗೆ ಮರಳಿದ ದಿನ, ಇನ್ನು ಹೊಸ್ತಿಲೊಳಗೆ ಒಂದು ಹನಿಯೂ ಬರುವುದಿಲ್ಲ ಎಂದು ಅಳಿಯ ಅವಳ ಕೈಹಿಡಿದು ಮಾತು ಕೊಟ್ಟಿದ್ದ. ಮನೆ ನೆಟ್ಟಗಾಗಲಿ, ಆಮೇಲೆ ಮಗು ಎಂದು ಅಜ್ಜಿ ಪುಟ್ಟಿಯನ್ನು ತನ್ನ ಜೊತೆ ಕರೆದುಕೊಂಡು ಹೋಗಿದ್ದಳು. ಇವತ್ತು ಮಗುವಿನ ಬಟ್ಟೆಯ ಚೀಲವೂ ಜೊತೆಗೆ ಬಂದಿತ್ತು. ಅದನ್ನು ಅವಳು ಇನ್ನೂ ಹೆಗಲಿಂದ ಇಳಿಸಿರಲಿಲ್ಲ.

"ಮೊದಲು ಮರಕ್ಕೆ ಎಣ್ಣೆ ಹಚ್ತಿದ್ರಲ್ಲ?"

"ಎಣ್ಣೆ ಒಣಗೋಕೆ ವಾರಗಟ್ಟಲೆ ಬೇಕು, ಅತ್ತೆ. ಮೀನಿನ ಕಾಲ ಶುರುವಾಯ್ತು. ಅಂಗಡಿಯವರು ಕಾಯಲ್ಲ ಅಂದ್ರು. ಅರಗಾದ್ರೆ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಮುಟ್ಟಬಹುದು."

ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಯಲ್ಲಿ ಅವನು ಕೆತ್ತಿದ ಮರದ ಮೀನುಗಳು ಸಾಲಾಗಿ ತೂಗುತ್ತಿದ್ದವು. ಗಾಳಕ್ಕೆ ಕಟ್ಟಿ ಎಳೆದರೆ ಕೆರೆಯ ದೊಡ್ಡ ಮೀನು ಇದನ್ನೇ ನಿಜವೆಂದು ನುಂಗಲು ಬರಬೇಕು. ಲೇಪ ಸರಿಯಾಗಿ ಕೂರದಿದ್ದರೆ ನೀರು ಒಳಗಿಳಿದು ಮರ ಉಬ್ಬುತ್ತದೆ, ಬಣ್ಣ ಬಿರಿಯುತ್ತದೆ. ಅಳಿಯನ ಕೈ ಒಳ್ಳೆಯದು, ಅದನ್ನು ಅಜ್ಜಿ ಯಾವತ್ತೂ ಅಲ್ಲಗಳೆದವಳಲ್ಲ.

"ಕೋಣೆಗೆ ಬೀಗ ಹಾಕ್ತೀರಾ?"

"ಯಾವಾಗ್ಲೂ. ಕೀ ನನ್ನ ಜೇಬಲ್ಲೇ ಇರುತ್ತೆ. ಮಲಗುವಾಗ್ಲೂ."

"ಸ್ನಾನಕ್ಕೆ ಹೋಗುವಾಗ್ಲೂ?" ಎಂದಳು ಅಜ್ಜಿ ಕೊಂಕಾಗಿ. ಅವನು ತಲೆ ಕೆಳಗೆ ಹಾಕಿದ.

ಅಷ್ಟರಲ್ಲಿ ಮಗಳು ಚಹಾ ತಂದಳು. ಹೊಸ್ತಿಲಾಚೆಯೇ ನಿಂತಳು, ಒಳಗೆ ಕಾಲಿಡಲಿಲ್ಲ. ಅಳಿಯ ಲಗುಬಗೆಯಿಂದ ಹೋಗಿ ತಟ್ಟೆ ಇಸಿದುಕೊಂಡ. ಲೋಟಗಳಿಗಿಂತ ಹೆಚ್ಚು ಚಹಾ ತಟ್ಟೆಯಲ್ಲೇ ಇತ್ತು.

"ಗಮನ ಎಲ್ಲೋ ಇತ್ತಮ್ಮ" ಎಂದು ಮಗಳು ನಕ್ಕಳು. ಸೊರಗಿ ಕಡ್ಡಿಯಾಗಿದ್ದಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಈ ಮದುವೆ ಇವಳನ್ನು ಹೀಗೆ ಮಾಡಿತೋ, ಇವಳ ಹಣೆಬರಹವೇ ಹೀಗೋ ಎಂದು ಅಜ್ಜಿ ಎಷ್ಟೋ ಸಲ ಯೋಚಿಸಿದ್ದುಂಟು.

ಪುಟ್ಟಿ ಕುಣಿಯುತ್ತ ಬಂದು ತಾಯಿಯ ಮುಂದೆ ಹಲ್ಲು ಕಿರಿದು ನಿಂತಿತು. ಮುಂದಿನ ಹಲ್ಲೊಂದು ಬಿದ್ದು ಬಾಯಲ್ಲಿ ಕಿಟಕಿಯಾಗಿತ್ತು. "ಅಮ್ಮಾ, ನೋಡು!"

"ಚೆನ್ನಾಗಿದೆ ಕಂದಾ. ಹೊಸ ಫ್ರಾಕಾ?"

ಮಗುವಿನ ಮುಖ ಚಿಕ್ಕದಾಯಿತು. ಮಗಳು ಗಂಡನ ಕಡೆಗೊಮ್ಮೆ ತಿರುಗಿ, ಗೋಡೆ ಸವರಿಕೊಂಡು ಒಳಗೆ ಹೋದಳು. ಮಗು ಅವಳ ಸೆರಗು ಹಿಡಿದು ಹಿಂದೆಯೇ ಹೋಯಿತು.

ಅಜ್ಜಿ ಚಹಾ ಮುಟ್ಟಲಿಲ್ಲ. ತಂತಿಯ ತುದಿಯಲ್ಲಿದ್ದ ಮರದ ಮೀನೊಂದನ್ನು ಬಿಚ್ಚಿ ಕಿಟಕಿಯ ಹತ್ತಿರ ಹಿಡಿದಳು. ಹೊಳೆಯಬೇಕಿದ್ದ ಬೆನ್ನು ಬಿಳುಚಿಕೊಂಡಿತ್ತು, ಹಾಲಿನ ಕೆನೆ ಕಟ್ಟಿದ ಹಾಗೆ. ಅದರ ಪಕ್ಕದ್ದೂ ಹಾಗೇ.

"ಗಾಳೀಲಿ ತೇವ ಜಾಸ್ತಿ, ಅತ್ತೆ. ಅದಕ್ಕೇ ಅರಗು ಬೆಳ್ಳಗಾಗಿದೆ."

ಹೊರಗೆ ಒಣಹಾಕಿದ ಬಟ್ಟೆಗಳು ಹಪ್ಪಳದಂತೆ ಸೆಟೆದುಕೊಂಡಿದ್ದವು. ಅಜ್ಜಿ ಅವುಗಳ ಕಡೆ ನೋಡಿದಳು, ಆಮೇಲೆ ಅವನ ಕಡೆ.

"ನನಗೇ ಹೇಳ್ತೀರಾ? ಸ್ಪಿರಿಟ್ಟಿಗೆ ನೀರು ಬಿದ್ರೆ ಅರಗು ಹೀಗೆ ಬಿಳುಚುತ್ತೆ."

"ಅಂಗಡಿಯವನೇ ಬೆರೆಸಿರಬೇಕು."

"ಇದೇ ಬಾಟ್ಲಿಯಲ್ಲಿ ಮೊದಲು ಮಾಡಿದವು ಆ ತುದೀಲಿ ಕನ್ನಡಿ ಥರ ಹೊಳೀತಿವೆ. ನೀರು ಬಿದ್ದಿದ್ದು ಆಮೇಲೆ. ಕುಡಿದು ಕಡಿಮೆಯಾದಷ್ಟು ನೀರು. ಬಾಟ್ಲಿ ತುಂಬಿದ ಹಾಗೇ ಕಾಣಲಿ ಅಂತ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡ. ಇಷ್ಟು ದೊಡ್ಡ ಗಂಡಸು ಬಿಕ್ಕುವುದನ್ನು ನೋಡಿ ಅಜ್ಜಿಗೆ ಕನಿಕರ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ತಪ್ಪು ನಂದೇ, ಅತ್ತೆ. ಈ ಬಾಟ್ಲಿ ಮನೆಗೆ ತರಲೇಬಾರದಿತ್ತು. ಇದೊಂದು ಸಲ ಬಿಟ್ಬಿಡಿ. ಪುಟ್ಟೀನ ವಾಪಸ್ ಕರ್ಕೊಂಡು ಹೋಗ್ಬೇಡಿ. ಮಗು ಬರುತ್ತೆ ಅನ್ನೋ ಒಂದೇ ಆಸೆ ಮೇಲೆ ಈ ಮನೆ ನಿಂತಿದೆ."

"ಮಗೂ ಮಾತು ಆಮೇಲೆ" ಎಂದಳು ಅಜ್ಜಿ. "ಇದು ಹೆಂಡ ಅಲ್ಲ, ವಿಷ. ನಮ್ಮ ಅಂಗಡೀಲಿ ಒಬ್ಬ ಹೀಗೇ ಕದ್ದು ಕುಡಿದ. ಮೊದಲು ಕಣ್ಣು ಹೋಯ್ತು, ಆಮೇಲೆ ಜೀವ. ಏಳಿ, ಗಾಡಿ ಕರೀರಿ. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

ಅವನು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ. ಅಜ್ಜಿ ಹೆಗಲ ಚೀಲವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ನುಗ್ಗಿದಳು.

ಒಲೆಯ ಮುಂದೆ ನಿಂತಿದ್ದ ಮಗಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಕೇಳಿದಳು: "ನಿಜ ಹೇಳು ಮಗಳೇ, ನನ್ನ ಮುಖ ಕಾಣಿಸ್ತಿದೆಯಾ ನಿನಗೆ?"