ಎಡಗಡೆಯ ಸಿಳ್ಳೆ

ಮೊನ್ನೆ ಬೆಳಗಾವಿಯಲ್ಲಿ ಕಿವಿ ಪರೀಕ್ಷೆಗೆ ಕೂತಾಗ, "ಸಿಳ್ಳೆ ಕೇಳಿದ ಕೂಡಲೇ ಕೈ ಎತ್ತಿ" ಎಂದರು. ಆ ಕುರ್ಚಿಯ ಹೊಸ ರೆಕ್ಸಿನ್ ವಾಸನೆ ಮೂಗಿಗೆ ಬಡಿಯಿತು.

ಚಿಕ್ಕಂದಿನಲ್ಲಿ ನೋಡಿದ ಖಾನಾಪುರದ ಹೊಸ ಚಿತ್ರಮಂದಿರದ ಕುರ್ಚಿಗಳಿಗೂ ಅದೇ ವಾಸನೆಯಿತ್ತು. ಅಂದು ಸಂಜೆಗೆ ಅಲ್ಲಿ ಮೊದಲ ಆಟ. ಅಪ್ಪ ಪರದೆಯ ಕೆಳಗೆ ಕೂತು, ಗುಂಡಿ ತಿರುಗಿಸುತ್ತ ಒಂದೊಂದೇ ಸ್ಪೀಕರಿನ ಧ್ವನಿ ಹೊಂದಿಸುತ್ತಿದ್ದ. ಎಂಟು ವರ್ಷದ ನನ್ನನ್ನು ನಟ್ಟನಡುವಿನ ಕುರ್ಚಿಯಲ್ಲಿ ಕೂರಿಸಿ, "ಸಣ್ಣ ಸಿಳ್ಳಿ ಕೇಳಿದ ಕೂಡ್ಲೆ ಕೈ ಎತ್ತವ್ವಾ. ಮಾಲಕರ ಮುಂದ ಬಾಯಿ ಬಿಡಬ್ಯಾಡ" ಎಂದಿದ್ದ.

ಬಲಗಡೆಯ ಸ್ಪೀಕರ್ ಸಿಳ್ಳೆ ಹಾಕಿತು. ಕೈ ಎತ್ತಿದೆ, ಅದನ್ನು ನೋಡಿ ಅಪ್ಪ ಗುಂಡಿ ಬಿಟ್ಟ. ಎಡಗಡೆಯದು ಶುರುವಾಗುವ ಹೊತ್ತಿಗೆ ಮಾಲೀಕರು ಬಂದು ನಮ್ಮಿಬ್ಬರ ನಡುವೆ ನಿಂತರು. ಸಿಳ್ಳೆ ಕೇಳಿಸಿತು, ಕೈ ಎತ್ತಿದೆ. ನನಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಸಿಳ್ಳೆ ಏರುತ್ತಲೇ ಹೋಯಿತು. ಹಲ್ಲು ಜುಮ್ಮೆಂದವು. ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಎತ್ತಿದೆ. ಅಪ್ಪಾ ಎಂದು ಕೂಗಿಬಿಟ್ಟೇನೆಂದು ತುಟಿ ಕಚ್ಚಿಕೊಂಡೆ.

ಮಾಲೀಕರು ಕಿವಿ ಮುಚ್ಚಿಕೊಂಡು ಚೀರಿದರು: "ಬಂದ್ ಮಾಡ್ರೀ! ನಿಮಗ ಕೇಳಸವಲ್ದೇನ್ರೀ?"

ಅಪ್ಪ ತಟ್ಟನೆ ಗುಂಡಿ ಇಳಿಸಿ ನಕ್ಕ. "ಸ್ಪೀಕರಿನ ತಾಕತ್ ನೋಡಾಕತ್ತಿದ್ದೆ ರೀ."

ಮಾಲೀಕರು ಹಿಂದಕ್ಕೆ ತಿರುಗಿದರು. ನಾನು ಇನ್ನೂ ಕುರ್ಚಿಯ ಮೇಲೆ ಕೈ ಎತ್ತಿಕೊಂಡೇ ನಿಂತಿದ್ದೆ.